ಮುದ್ರಕನೊಬ್ಬನ ಮರಣಶಾಸನ: ಬೆಂಜಮಿನ್ ಫ್ರಾಂಕ್ಲಿನ್‌ನ ಆಸ್ತಿವಿಭಾಗ ಮತ್ತು ಅವನ ಹಸ್ತಪ್ರತಿಗಳ ಗತಿ

೧

ಕುಶಲಕರ್ಮಿಗಳ ಇತಿಹಾಸವನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಆಕರಗಳದು. ಅರಸರು ಶಾಸನಗಳನ್ನು ಬರೆಯಿಸಿದರು. ಪಂಡಿತರು ಗ್ರಂಥಗಳನ್ನು ರಚಿಸಿದರು. ದೊಡ್ಡ ವರ್ತಕರು ಲೆಕ್ಕಪತ್ರಗಳನ್ನು ಇರಿಸಿದರು. ಬಡಗಿ, ಕಮ್ಮಾರ, ಚಮ್ಮಾರ ಮೊದಲಾದವರು ತಮ್ಮ ಕೈಕೆಲಸವನ್ನು ಬಿಟ್ಟುಹೋದರೇ ಹೊರತು ತಮ್ಮ ಬಾಳನ್ನು ಕುರಿತು ತಾವೇ ನುಡಿದುದು ಅತಿ ವಿರಳ. ಉತ್ತರ ಅಮೆರಿಕದ ಆಂಗ್ಲ ವಸಾಹತುಗಳ ಮಟ್ಟಿಗೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುವವು ಮರಣಶಾಸನಗಳು ಮತ್ತು ಅವುಗಳೊಡನೆ ದಾಖಲಾಗಿರುವ ಆಸ್ತಿಪಟ್ಟಿಗಳು. ಅಲ್ಲಿ ಮನೆಯ ಯಜಮಾನನು ಮೃತನಾದಾಗ ನೆರೆಹೊರೆಯ ಇಬ್ಬರು ಮೂವರು ಬಂದು, ಹಾಸಿಗೆ, ಪಾತ್ರೆ, ಪೆಟ್ಟಿಗೆ, ಕಸುಬಿನ ಉಪಕರಣ, ಬರಬೇಕಾದ ಸಾಲ ಎಲ್ಲಕ್ಕೂ ಬೆಲೆಕಟ್ಟಿ ಪಟ್ಟಿಮಾಡುವುದು ವಾಡಿಕೆಯಾಗಿತ್ತು. ಗುಲಾಮರಿದ್ದ ಮನೆಗಳಲ್ಲಿ ಮನುಷ್ಯರ ಹೆಸರುಗಳೂ ದನಕರುಗಳ ಹಾಗೂ ಪಾತ್ರೆಪಡಗಗಳ ಸಾಲಿನಲ್ಲಿಯೇ ಬೆಲೆಸಹಿತವಾಗಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ಇಂಥ ಪತ್ರಗಳು ಕೇವಲ ಕಾನೂನಿನ ದಾಖಲೆಗಳಲ್ಲ; ಒಂದು ಕುಟುಂಬವು ಯಾವುದನ್ನು ಸಂಪತ್ತೆಂದು ಎಣಿಸಿತ್ತು ಎಂಬುದಕ್ಕೂ ಸಾಕ್ಷಿಗಳಾಗಿವೆ.

ಇಂಥ ಮರಣಶಾಸನಗಳಲ್ಲಿ ವಿಶೇಷ ವಿವೇಚನೆಗೆ ಅರ್ಹವಾದುದು ಫಿಲಡೆಲ್ಫಿಯದ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್‌ನದು. ರಾಜನೀತಿಜ್ಞನೆಂದೂ ವಿಜ್ಞಾನಿಯೆಂದೂ ಅವನ ಕೀರ್ತಿ ಲೋಕಪ್ರಸಿದ್ಧವಾದುದು. ಆದರೆ ೧೭೮೮ನೆಯ ಜುಲೈ ೧೭ರಂದು ಬರೆದ ಮರಣಶಾಸನವನ್ನೂ ೧೭೮೯ನೆಯ ಜೂನ್ ೨೩ರಂದು ಅದಕ್ಕೆ ಸೇರಿಸಿದ ಅನುಬಂಧವನ್ನೂ ಒಟ್ಟಾಗಿ ಪರಿಶೀಲಿಸಿದರೆ, ಅವುಗಳ ಹಿಂದಿರುವ ಬುದ್ಧಿ ಆದ್ಯಂತವಾಗಿ ಒಬ್ಬ ಕಸುಬುದಾರನದೆಂಬುದು ವ್ಯಕ್ತವಾಗುತ್ತದೆ. ಹಣ, ಉಪಕರಣ, ಸಾಲ ಇವುಗಳ ವಿಷಯದಲ್ಲಿ ಆ ಬುದ್ಧಿ ಎಷ್ಟು ಎಚ್ಚರದಿಂದ ವರ್ತಿಸಿತು, ಹಸ್ತಪ್ರತಿಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ಎಚ್ಚರ ತಪ್ಪಿತು ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಫ್ರಾಂಕ್ಲಿನ್ ಹುಟ್ಟಿದುದು ೧೭೦೬ರಲ್ಲಿ, ಬಾಸ್ಟನ್ ನಗರದಲ್ಲಿ. ತಂದೆ ಜೋಸೈಯ ಇಂಗ್ಲೆಂಡಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ೧೬೮೩ರಲ್ಲಿ ವಸಾಹತಿಗೆ ಬಂದ ಮೇಲೆ ಆ ಕಸುಬು ನಡೆಯದೆ, ಕೊಬ್ಬನ್ನು ಕರಗಿಸಿ ಬತ್ತಿ ಮತ್ತು ಸಾಬೂನು ಮಾಡುವ ಕೆಲಸವನ್ನು ಹಿಡಿದನು. ಹದಿನೇಳು ಮಕ್ಕಳ ಸಂಸಾರ. ಹನ್ನೆರಡನೆಯ ವಯಸ್ಸಿನಲ್ಲಿ, ಎಂದರೆ ೧೭೧೮ರಲ್ಲಿ, ಬೆಂಜಮಿನ್ ತನ್ನ ಅಣ್ಣ ಜೇಮ್ಸ್‌ನ ಅಚ್ಚುಕೂಟದಲ್ಲಿ ಕಸುಬು ಕಲಿಯಲು ಕರಾರುಪತ್ರಕ್ಕೆ ರುಜು ಹಾಕಿದನು. ಇಪ್ಪತ್ತೊಂದು ವರ್ಷ ತುಂಬುವವರೆಗೆ ದುಡಿಯಬೇಕೆಂಬುದು ಅದರ ನಿಬಂಧನೆ. ಅಣ್ಣನ ಹೊಡೆತಗಳನ್ನು ಸಹಿಸಲಾರದೆ ೧೭೨೩ರಲ್ಲಿ ಅವನು ಕರಾರನ್ನು ಮುರಿದು ಫಿಲಡೆಲ್ಫಿಯಕ್ಕೆ ಓಡಿಹೋದನು. ೧೭೨೮ರಲ್ಲಿ ಹ್ಯೂ ಮೆರಿಡಿತ್ ಎಂಬವನೊಡನೆ ಪಾಲುದಾರನಾಗಿ ಅಚ್ಚುಕೂಟವನ್ನು ತೆರೆದನು. ಸಾಲಗಾರರು ನ್ಯಾಯಾಲಯದ ಮೆಟ್ಟಿಲೇರಿದಾಗ ವಿಲಿಯಂ ಕೋಲ್ಮನ್ ಮತ್ತು ರಾಬರ್ಟ್ ಗ್ರೇಸ್ ಎಂಬ ಇಬ್ಬರು ಗೆಳೆಯರು ಕೊಟ್ಟ ಕೈಗಡದಿಂದ ಅಚ್ಚುಕೂಟವು ಉಳಿದು, ೧೭೩೦ರಲ್ಲಿ ಪೂರ್ಣವಾಗಿ ಅವನ ಸ್ವಾಮ್ಯಕ್ಕೆ ಬಂದಿತು. ೧೭೪೮ರಲ್ಲಿ ಡೇವಿಡ್ ಹಾಲ್ ಎಂಬ ಪಾಲುದಾರನಿಗೆ ದೈನಂದಿನ ವ್ಯವಹಾರವನ್ನು ಒಪ್ಪಿಸಿ ಅವನು ಕಸುಬಿನಿಂದ ನಿವೃತ್ತನಾದನು.

ಮರಣಶಾಸನವನ್ನು ಬರೆಯುವ ಹೊತ್ತಿಗೆ ಈ ನಿವೃತ್ತಿಗೆ ನಲವತ್ತು ವರ್ಷಗಳು ಸಂದಿದ್ದವು. ಫ್ರಾನ್ಸಿನ ಆಸ್ಥಾನದಲ್ಲಿ ರಾಯಭಾರಿಯಾಗಿದ್ದು ಬಂದು, ಅವನು ಆಗ ಪೆನ್ಸಿಲ್ವೇನಿಯ ರಾಜ್ಯದ ಅಧ್ಯಕ್ಷನಾಗಿದ್ದನು. ಆದರೂ ಶಾಸನದ ಪೀಠಿಕೆಯಲ್ಲಿ ತನ್ನ ಹೆಸರು, ಊರುಗಳ ಬಳಿಕ ಅವನು ಮೊದಲು ಬರೆದ ಬಿರುದು ‘ಮುದ್ರಕ’ ಎಂಬುದು. ರಾಯಭಾರಿತ್ವ ಮತ್ತು ಅಧ್ಯಕ್ಷಪದವಿ ಅದರ ಹಿಂದೆ ಬರುತ್ತವೆ. ಆ ಕಾಲದ ದಸ್ತಾವೇಜುಗಳಲ್ಲಿ ವ್ಯಕ್ತಿಯ ಗುರುತಿಗಾಗಿ ಕಸುಬನ್ನು ಸೂಚಿಸುವುದು ರೂಢಿಯೇ ಆಗಿದ್ದರೂ, ಹಣ ಬಂದ ಮೇಲೆ ಕಸುಬಿನ ಹೆಸರನ್ನು ಬಿಟ್ಟು ಗೌರವಸೂಚಕ ಪದವನ್ನು ಧರಿಸುವುದೂ ಅಷ್ಟೇ ರೂಢಿಯಲ್ಲಿತ್ತು. ಫ್ರಾಂಕ್ಲಿನ್ ಹಾಗೆ ಮಾಡಲಿಲ್ಲ.

೩

ಆಸ್ತಿಯ ವಿಭಾಗದಲ್ಲಿ ಕಾಣುವ ಮುಖ್ಯ ಲಕ್ಷಣವೆಂದರೆ, ವಸ್ತುವು ಅದನ್ನು ಬಳಸಬಲ್ಲವನಿಗೆ ಸಲ್ಲಬೇಕೆಂಬುದು. ಫಿಲಡೆಲ್ಫಿಯದಲ್ಲಿದ್ದ ಅಚ್ಚುಮೊಳೆಗಳು, ಮುದ್ರಣ ಸಾಮಗ್ರಿ, ಮೊಳೆ ಎರಕ ಹೊಯ್ಯುವ ಸಂಪೂರ್ಣ ಸಲಕರಣೆ ಇವೆಲ್ಲಕ್ಕೂ ಸುಮಾರು ೧೦೦೦ ಪೌಂಡು ಬೆಲೆಯೆಂದು ಅವನೇ ಅಂದಾಜುಮಾಡಿ, ಅವನ್ನು ದೌಹಿತ್ರನಾದ ಬೆಂಜಮಿನ್ ಫ್ರಾಂಕ್ಲಿನ್ ಬೇಚ್‌ನಿಗೆ ಬಿಟ್ಟನು. ಈ ಹುಡುಗನನ್ನು ಅಜ್ಜನು ಫ್ರಾನ್ಸಿನಲ್ಲಿಯೇ ಇರಿಸಿಕೊಂಡು, ೧೭೮೫ರಲ್ಲಿ ಪ್ರಸಿದ್ಧ ಮುದ್ರಕನಾದ ಫ್ರಾನ್ಸ್ವಾ ಆಂಬ್ರ್ವಾಸ್ ದಿದೋನ ಬಳಿ ಕಸುಬು ಕಲಿಯಲು ಬಿಟ್ಟಿದ್ದನು. ಬೇಚ್‌ನು ೧೭೯೦ರಲ್ಲಿ, ಅಜ್ಜ ತೀರಿಕೊಂಡ ವರ್ಷದಲ್ಲಿಯೇ, ಪತ್ರಿಕೆಯನ್ನು ಆರಂಭಿಸಿದನು. ‘ಅರೋರ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪತ್ರಿಕೆಯಲ್ಲಿ ಸರ್ಕಾರವನ್ನು ಕಟುವಾಗಿ ಟೀಕಿಸಿದ ಕಾರಣ ೧೭೯೮ರಲ್ಲಿ ಬಂಧಿತನಾಗಿ, ವಿಚಾರಣೆಗೆ ಮೊದಲೇ ಹಳದಿಜ್ವರದಿಂದ ಮೃತನಾದನು. ಹೀಗೆ ಉಪಕರಣಗಳು ಉದ್ದೇಶಿಸಿದ ಕೈಯನ್ನೇ ಸೇರಿ, ಉದ್ದೇಶಿಸಿದ ಕೆಲಸವನ್ನೇ ಮಾಡಿದವು.

ಮಗ ವಿಲಿಯಂನ ಪಾಲು ಇದಕ್ಕೆ ವ್ಯತಿರಿಕ್ತವಾದುದು. ವಿಲಿಯಂ ನ್ಯೂಜರ್ಸಿಯ ಕೊನೆಯ ರಾಜನಿಯುಕ್ತ ಗವರ್ನರನಾಗಿದ್ದು, ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಅರಸನ ಪಕ್ಷವನ್ನೇ ಹಿಡಿದವನು. ಅವನಿಗೆ ನೋವಾ ಸ್ಕೋಷಿಯದಲ್ಲಿದ್ದ ಭೂಮಿಯ ಹಕ್ಕು, ಈಗಾಗಲೇ ಅವನ ಬಳಿ ಇದ್ದ ಪುಸ್ತಕ ಹಾಗೂ ಕಾಗದಪತ್ರಗಳು, ತಂದೆಯ ಖಾತೆಪುಸ್ತಕದಲ್ಲಿ ಅವನ ಹೆಸರಿಗಿದ್ದ ಸಾಲಗಳ ಮನ್ನಾ, ಇಷ್ಟು ಮಾತ್ರ ದೊರೆತವು. ಗತಯುದ್ಧದಲ್ಲಿ ಮಗನು ತನ್ನ ವಿರುದ್ಧವಾಗಿ ನಡೆದುಕೊಂಡ ರೀತಿ ಎಲ್ಲರೂ ಬಲ್ಲುದು. ತನ್ನಿಂದ ಯಾವ ಆಸ್ತಿಯನ್ನು ಕಳೆಯಲು ಅವನು ಯತ್ನಿಸಿದನೋ ಆ ಆಸ್ತಿಯಲ್ಲಿ ಹೆಚ್ಚಿನ ಪಾಲು ಅವನಿಗಿಲ್ಲದಿರುವುದಕ್ಕೆ ಅದೇ ಕಾರಣ ಎಂಬ ಅಭಿಪ್ರಾಯವನ್ನು ಶಾಸನದಲ್ಲಿಯೇ ದಾಖಲಿಸಲಾಗಿದೆ. ಆತ್ಮಚರಿತ್ರೆಯ ಮೊದಲ ಭಾಗವನ್ನು ೧೭೭೧ರಲ್ಲಿ ಇದೇ ಮಗನನ್ನು ಸಂಬೋಧಿಸಿ ಬರೆದಿದ್ದನೆಂಬುದನ್ನು ನೆನೆದರೆ ಈ ವಾಕ್ಯದ ಕಾಠಿಣ್ಯ ಅರಿವಾದೀತು. ಒಂದು ದೇಶದ ಒಡಕು ಒಂದು ಮನೆಯ ಆಸ್ತಿವಿಭಾಗದಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿರುವ ಉದಾಹರಣೆಗಳು ಹೆಚ್ಚಿಲ್ಲ.

ಸ್ಥಿರಾಸ್ತಿಯ ಬಹುಭಾಗವು ಮಗಳು ಸಾರ ಮತ್ತು ಅಳಿಯ ರಿಚರ್ಡ್ ಬೇಚ್ ಇವರ ಕಡೆಗೆ ಹೋಯಿತು. ಫ್ರಾನ್ಸಿನ ದೊರೆಯು ಕೊಟ್ಟಿದ್ದ, ೪೦೮ ವಜ್ರಗಳನ್ನು ಕೆತ್ತಿದ್ದ ತನ್ನ ಚಿತ್ರವೂ ಮಗಳ ಪಾಲಿಗೆ ಬಂದಿತು. ಆ ವಜ್ರಗಳಿಂದ ತನಗಾಗಲಿ ತನ್ನ ಹೆಣ್ಣುಮಕ್ಕಳಿಗಾಗಲಿ ಒಡವೆ ಮಾಡಿಸಿ, ದುಬಾರಿಯೂ ನಿರರ್ಥಕವೂ ಆದ ಷೋಕಿಯನ್ನು ದೇಶದಲ್ಲಿ ಹುಟ್ಟಿಸಬಾರದೆಂಬುದು ತಂದೆಯ ಕೋರಿಕೆ. ಸಾರ ಒಡವೆ ಮಾಡಿಸಲಿಲ್ಲ. ಕೆಲವು ವಜ್ರಗಳನ್ನು ಮಾರಿ, ಆ ಹಣದಿಂದ ಗಂಡನೊಡನೆ ಯೂರೋಪಿನ ಪ್ರವಾಸ ಮಾಡಿಬಂದಳು. ಶಾಸನದ ಅಕ್ಷರಕ್ಕೆ ಭಂಗ ಬರಲಿಲ್ಲ.

ಒಡಹುಟ್ಟಿದವರಲ್ಲಿ ಆಗ ಬದುಕಿ ಉಳಿದಿದ್ದವಳು ತಂಗಿ ಜೇನ್ ಮೀಕಂ ಒಬ್ಬಳೇ. ಜೀನು ತಯಾರಕನ ಹೆಂಡತಿಯಾಗಿ ಬಡತನದಲ್ಲಿಯೇ ಬಾಳನ್ನು ಸವೆಸಿದ ಆಕೆಗೆ ಬಾಸ್ಟನ್ನಿನ ಮನೆಯನ್ನೂ, ಜೀವಿತಾವಧಿಗೆ ವರ್ಷಕ್ಕೆ ೫೦ ಪೌಂಡುಗಳ ವರ್ಷಾಶನವನ್ನೂ ಗೊತ್ತುಮಾಡಲಾಯಿತು. ತೀರಿಹೋಗಿದ್ದ ಸೋದರ ಸೋದರಿಯರಲ್ಲಿ ಕೆಲವರ ಸಂತತಿಗೆ ಒಂದೊಂದು ಶಾಖೆಗೆ ೫೦ ಪೌಂಡುಗಳಂತೆ ಹಂಚಲಾಯಿತು. ಈ ಸಾಲಿನಲ್ಲಿ ಅಣ್ಣ ಜೇಮ್ಸ್‌ನ ಸಂತತಿಯೂ ಸೇರಿರುವುದು ಗಮನಾರ್ಹ. ಜೇಮ್ಸ್ ೧೭೩೫ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಆ್ಯನ್ ನ್ಯೂಪೋರ್ಟ್‌ನಲ್ಲಿ ಅಚ್ಚುಕೂಟವನ್ನು ತಾನೇ ನಡೆಸಿದಳು. ಬೆಂಜಮಿನ್ ಅಣ್ಣನ ಮಗನನ್ನು ತನ್ನಲ್ಲಿಟ್ಟುಕೊಂಡು ಕಸುಬು ಕಲಿಸಿ, ತಂದೆಯ ಮೊಳೆಗಳು ಸವೆದುಹೋಗಿದ್ದುದರಿಂದ ಹೊಸ ಮೊಳೆಗಳನ್ನು ಕೊಟ್ಟು ಕಳುಹಿಸಿದನು. ಕರಾರನ್ನು ಮುರಿದು ಓಡಿಬಂದುದರಿಂದ ಅಣ್ಣನಿಗಾದ ನಷ್ಟವನ್ನು ಹೀಗೆ ತುಂಬಿಕೊಟ್ಟೆನೆಂದು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ.

೪

ಇನ್ನೆರಡು ನಿಬಂಧನೆಗಳು ಖಾತೆಪುಸ್ತಕದಿಂದಲೇ ಎದ್ದುಬಂದವು. ಮುದ್ರಕನಾಗಿ, ಕಾಗದದ ವ್ಯಾಪಾರಿಯಾಗಿ, ಅಂಚೆಯ ಅಧಿಕಾರಿಯಾಗಿ ಇದ್ದ ವರ್ಷಗಳಲ್ಲಿ ಪುಸ್ತಕ, ಜಾಹೀರಾತು, ಅಂಚೆವೆಚ್ಚಗಳ ಬಾಬ್ತು ಬರಬೇಕಾಗಿದ್ದ ಅನೇಕ ಸಣ್ಣ ಮೊಬಲಗುಗಳು ವಸೂಲಾಗದೆ ಉಳಿದಿದ್ದವು. ೧೭೫೭ರಿಂದ ೧೭೮೫ರವರೆಗೆ ಅವನು ಬಹುಪಾಲು ಪರದೇಶದಲ್ಲಿಯೇ ಇದ್ದುದರಿಂದ ಅವು ಹಳತಾಗಿದ್ದವು. ಆದರೂ ನ್ಯಾಯವಾಗಿ ಸಲ್ಲತಕ್ಕವೇ ಎಂದು ವಾದಿಸಿ, ತನ್ನ ದೊಡ್ಡ ಖಾತೆಪುಸ್ತಕದಲ್ಲಿ ನಮೂದಾಗಿದ್ದ ಆ ಬಾಕಿಗಳನ್ನು ಪೆನ್ಸಿಲ್ವೇನಿಯ ಆಸ್ಪತ್ರೆಗೆ ದಾನಮಾಡಿದನು. ಸಾಲವೆಂದು ಕೊಡಲು ಹಿಂಜರಿಯುವವರು ಧರ್ಮವೆಂದಾದರೂ ಕೊಟ್ಟಾರು ಎಂಬುದು ಅವನ ನಿರೀಕ್ಷೆ. ಐವತ್ತು ಅರುವತ್ತು ವರ್ಷಗಳ ಹಿಂದಿನ ಚಿಲ್ಲರೆ ಬಾಕಿಯನ್ನೂ ಲೆಕ್ಕದಿಂದ ತೆಗೆದುಹಾಕದ ಅಂಗಡಿಕಾರನ ಸ್ವಭಾವವೇ ಇಲ್ಲಿ ಕಾಣುತ್ತದೆ.

ಎರಡನೆಯ ನಿಬಂಧನೆ ಇದಕ್ಕಿಂತ ಗುರುತರವಾದುದು. ಅಳಿಯ ರಿಚರ್ಡ್ ಬೇಚ್ ಬರೆದುಕೊಟ್ಟಿದ್ದ ೨೧೭೨ ಪೌಂಡು ೫ ಷಿಲಿಂಗುಗಳ ಸಾಲಪತ್ರವನ್ನು ಮನ್ನಾಮಾಡಿ, ಅದಕ್ಕೆ ಪ್ರತಿಯಾಗಿ, ತಾನು ಸತ್ತ ಕೂಡಲೇ ಅಳಿಯನು ತನ್ನ ಬಾಬ್ ಎಂಬ ಕರಿಯ ಗುಲಾಮನನ್ನು ಬಿಡುಗಡೆ ಮಾಡಬೇಕೆಂದು ಫ್ರಾಂಕ್ಲಿನ್ ಕೋರಿದನು. ಫ್ರಾಂಕ್ಲಿನ್ ತಾನೂ ದಶಕಗಳ ಕಾಲ ಗುಲಾಮರ ಒಡೆಯನಾಗಿದ್ದವನು. ಗುಲಾಮರ ಮಾರಾಟದ ಜಾಹೀರಾತುಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಮಾಡಿ ಹಣಗಳಿಸಿದವನು. ಇಂಗ್ಲೆಂಡಿಗೆ ಹೊರಡುವ ಮುನ್ನ ೧೭೫೭ರಲ್ಲಿ ಬರೆದ ಹಿಂದಿನ ಮರಣಶಾಸನದಲ್ಲಿ ಪೀಟರ್ ಮತ್ತು ಅವನ ಹೆಂಡತಿ ಜೆಮೈಮ ತನ್ನ ಮರಣಾನಂತರ ಬಿಡುಗಡೆ ಹೊಂದತಕ್ಕದ್ದೆಂದು ವಿಧಿಸಿದ್ದನು. ೧೭೮೭ರಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ಶ್ರಮಿಸುತ್ತಿದ್ದ ಪೆನ್ಸಿಲ್ವೇನಿಯದ ಸಂಘಕ್ಕೆ ಅಧ್ಯಕ್ಷನಾದನು. ೧೭೯೦ರ ಫೆಬ್ರವರಿಯಲ್ಲಿ, ಸಾವಿಗೆ ಎರಡು ತಿಂಗಳು ಮೊದಲು, ಆ ಸಂಘದ ಮನವಿಯು ಅವನ ರುಜುವಿನಿಂದ ಅಮೆರಿಕದ ಕಾಂಗ್ರೆಸ್ಸಿಗೆ ಸಲ್ಲಿಕೆಯಾಯಿತು. ಎರಡು ಮರಣಶಾಸನಗಳನ್ನು ಜೊತೆಗಿರಿಸಿ ನೋಡಿದರೆ ಮೂವತ್ತು ವರ್ಷಗಳ ಮನಃಪರಿವರ್ತನೆಯ ದಾರಿ ತಿಳಿಯುತ್ತದೆ. ಮೊದಲನೆಯದರಲ್ಲಿ ತನ್ನ ಗುಲಾಮರಿಗೆ, ಅದೂ ತಾನು ಬಳಸಿ ಮುಗಿದ ಮೇಲೆ, ಸ್ವಾತಂತ್ರ್ಯ. ಎರಡನೆಯದರಲ್ಲಿ ಇನ್ನೊಬ್ಬನ ಗುಲಾಮನಿಗಾಗಿ ತನ್ನ ಹಣದ ತ್ಯಾಗ. ಆದರೆ ಎರಡರಲ್ಲಿಯೂ ಮನುಷ್ಯನ ಬಿಡುಗಡೆ ಆಸ್ತಿಯ ಲೆಕ್ಕದ ಭಾಷೆಯಲ್ಲಿಯೇ ನಡೆದಿದೆಯೆಂಬುದನ್ನು ಮರೆಯಲಾಗದು.

೫

ಅನುಬಂಧದ ಮುಖ್ಯವಸ್ತು ಎರಡು ನಗರಗಳಿಗೆ ಬಿಟ್ಟ ದತ್ತಿ. ಹುಟ್ಟೂರಾದ ಬಾಸ್ಟನ್ನಿಗೆ ೧೦೦೦ ಪೌಂಡು, ಫಿಲಡೆಲ್ಫಿಯಕ್ಕೆ ೧೦೦೦ ಪೌಂಡು. ಪ್ರಜಾಪ್ರಭುತ್ವದಲ್ಲಿ ಅಧಿಕಾರಸ್ಥಾನಗಳು ಲಾಭದ ಸ್ಥಾನಗಳಾಗಬಾರದೆಂಬ ಮತದವನಾದುದರಿಂದ ರಾಜ್ಯಾಧ್ಯಕ್ಷನಾಗಿ ತನಗೆ ಬಂದ ಸಂಬಳವನ್ನು ಸಾರ್ವಜನಿಕ ಕಾರ್ಯಕ್ಕೆಂದೇ ಮೀಸಲಿಟ್ಟಿದ್ದನು. ಮೂಲಶಾಸನದಲ್ಲಿ ಆ ಹಣವನ್ನು ಸ್ಕೂಲ್‌ಕಿಲ್ ನದಿಯನ್ನು ನೌಕಾಯಾನಕ್ಕೆ ಯೋಗ್ಯವಾಗಿಸಲು ಗೊತ್ತುಮಾಡಿದ್ದು, ಆ ಕೆಲಸ ಸದ್ಯಕ್ಕೆ ಆಗುವಂತಿಲ್ಲವೆಂದು ಕಂಡು ಅನುಬಂಧದಲ್ಲಿ ಬದಲಾಯಿಸಿದನು.

ಹೊಸ ಯೋಜನೆ ಹೀಗಿದೆ. ಕಸುಬಿನ ಕರಾರನ್ನು ಪ್ರಾಮಾಣಿಕವಾಗಿ ಪೂರೈಸಿದ, ಇಪ್ಪತ್ತೈದು ವರ್ಷದೊಳಗಿನ, ವಿವಾಹಿತರಾದ ಕುಶಲಕರ್ಮಿಗಳಿಗೆ ಶೇಕಡ ೫ರ ಬಡ್ಡಿಗೆ ಸಾಲ ಕೊಡತಕ್ಕದ್ದು. ಮೊಬಲಗು ೧೫ ಪೌಂಡಿಗೆ ಕಡಮೆಯಾಗಬಾರದು, ೬೦ ಪೌಂಡನ್ನು ಮೀರಬಾರದು. ನಡತೆಗೆ ಸಾಕ್ಷಿಯಾಗಿ, ಸಾಲಕ್ಕೆ ಜಾಮೀನಾಗಿ ಇಬ್ಬರು ಗೌರವಸ್ಥ ನಾಗರಿಕರು ನಿಲ್ಲತಕ್ಕದ್ದು. ಪ್ರತಿ ವರ್ಷ ಬಡ್ಡಿಯೊಡನೆ ಅಸಲಿನ ಹತ್ತನೆಯ ಒಂದಂಶ ಮರಳತಕ್ಕದ್ದು. ಮರಳಿದ ಹಣವನ್ನು ಹೊಸಬರಿಗೆ ಕೊಡತಕ್ಕದ್ದು. ತಾನು ಕೈಕಸುಬಿನಲ್ಲಿ ಬೆಳೆದವನೆಂದೂ ಇಬ್ಬರು ಗೆಳೆಯರ ಸಾಲವೇ ತನ್ನ ಏಳಿಗೆಗೆ ತಳಹದಿಯೆಂದೂ ಅವನು ಇಲ್ಲಿ ಕಾರಣ ಕೊಟ್ಟಿದ್ದಾನೆ. ಕೋಲ್ಮನ್ ಮತ್ತು ಗ್ರೇಸರು ಕೊಟ್ಟ ಕೈಗಡವನ್ನು ಶಾಶ್ವತ ಸಂಸ್ಥೆಯಾಗಿ ಮಾರ್ಪಡಿಸಿದುದೇ ಈ ದತ್ತಿಯ ತಿರುಳು.

ಒಂದು ಶತಮಾನದಲ್ಲಿ ಚಕ್ರಬಡ್ಡಿಯಿಂದ ೧೦೦೦ ಪೌಂಡು ೧,೩೧,೦೦೦ ಆಗುವುದೆಂದೂ, ಅದರಲ್ಲಿ ಒಂದು ಲಕ್ಷವನ್ನು ಲೋಕೋಪಯೋಗಿ ಕಾರ್ಯಗಳಿಗೆ ವೆಚ್ಚಮಾಡಿ ೩೧,೦೦೦ವನ್ನು ಮತ್ತೆ ಸಾಲಕ್ಕೆ ಬಿಟ್ಟರೆ ಇನ್ನೂರು ವರ್ಷಗಳ ಕೊನೆಗೆ ೪೦,೬೧,೦೦೦ ಪೌಂಡು ಆಗುವುದೆಂದೂ ಅವನ ಗಣನೆ. ಗಣಿತ ಸರಿಯಾಗಿತ್ತು, ಕಾಲ ಬದಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಗಳು ಬೆಳೆದು, ಒಡೆಯನ ಮನೆಯಲ್ಲಿದ್ದು ಕಸುಬು ಕಲಿಯುವ ಪದ್ಧತಿ ಕ್ಷೀಣಿಸಿದಂತೆ ಶಾಸನದ ನಿಬಂಧನೆಗಳಿಗೆ ಒಪ್ಪುವ ಸಾಲಗಾರರು ವಿರಳರಾದರು. ಆದರೂ ಮೂಲಧನ ಅಳಿಯಲಿಲ್ಲ. ಬಾಸ್ಟನ್ನಿನ ಮೊದಲ ಶತಮಾನದ ಹಣದಿಂದ ೧೯೦೮ರಲ್ಲಿ ಕೈಗಾರಿಕಾ ಶಿಕ್ಷಣದ ಶಾಲೆಯೊಂದು ತೆರೆಯಿತು. ೧೯೯೦ರಲ್ಲಿ ಇನ್ನೂರು ವರ್ಷಗಳ ಅವಧಿ ಮುಗಿದಾಗ ಫಿಲಡೆಲ್ಫಿಯದ ನಿಧಿ ಸುಮಾರು ೨೦ ಲಕ್ಷ ಡಾಲರು, ಬಾಸ್ಟನ್ನಿನದು ೪೫ರಿಂದ ೫೦ ಲಕ್ಷ ಡಾಲರುಗಳಷ್ಟಾಗಿದ್ದಿತು. ನಿರೀಕ್ಷೆಗಿಂತ ಕಡಮೆಯಾದರೂ, ನಿಬಂಧನೆಗಳ ಬಲದಿಂದ ಒಂದು ದತ್ತಿ ಇನ್ನೂರು ವರ್ಷ ಬಾಳಿತೆಂಬುದು ಸಾಮಾನ್ಯ ಸಂಗತಿಯಲ್ಲ.

೬

ಇನ್ನು ಹಸ್ತಪ್ರತಿಗಳ ವಿಷಯ. ಎಪ್ಪತ್ತು ವರ್ಷಗಳ ಬರವಣಿಗೆ, ಪತ್ರವ್ಯವಹಾರ, ರಾಜಕಾರ್ಯದ ಕಾಗದಗಳು, ಅಪೂರ್ಣವಾಗಿದ್ದ ಆತ್ಮಚರಿತ್ರೆ ಇವೆಲ್ಲವನ್ನೂ ಫ್ರಾಂಕ್ಲಿನ್ ತನ್ನ ಪೌತ್ರನಾದ ವಿಲಿಯಂ ಟೆಂಪಲ್ ಫ್ರಾಂಕ್ಲಿನ್‌ನಿಗೆ ಬಿಟ್ಟನು. ಅರುವತ್ತು ಪೌಂಡಿನ ಸಾಲಕ್ಕೆ ಇಬ್ಬರು ಜಾಮೀನುದಾರರನ್ನು ಕೇಳಿದವನು ಈ ಸಂಪತ್ತಿಗೆ ಅಂಥ ಯಾವ ಕಟ್ಟುಪಾಡನ್ನೂ ವಿಧಿಸಲಿಲ್ಲ. ಕಾಗದಗಳ ನಾಶ ಅವನ ಅನುಭವಕ್ಕೆ ಬಾರದ ಸಂಗತಿಯೇನೂ ಆಗಿರಲಿಲ್ಲ. ೧೭೭೬ರಲ್ಲಿ ಫ್ರಾನ್ಸಿಗೆ ಹೊರಟಾಗ ಅವನು ಗೆಳೆಯ ಜೋಸೆಫ್ ಗ್ಯಾಲೊವೆಯ ಮನೆಯಲ್ಲಿ ಇರಿಸಿದ್ದ ಪತ್ರಗಳ ಪೆಟ್ಟಿಗೆ ಯುದ್ಧಕಾಲದಲ್ಲಿ ಸೂರೆಯಾಗಿ, ಒಳಗಿದ್ದುದು ಚೆಲ್ಲಾಪಿಲ್ಲಿಯಾಗಿತ್ತು.

೧೭೯೦ರ ಏಪ್ರಿಲ್ ೧೭ರಂದು ಫ್ರಾಂಕ್ಲಿನ್ ನಿಧನನಾದ ಮೇಲೆ ಟೆಂಪಲ್ ಕೆಲವು ಕಾಗದಗಳನ್ನು ಆರಿಸಿಕೊಂಡು ಲಂಡನ್ನಿಗೆ ಹೋದನು. ಉಳಿದ ಬಹುಭಾಗವನ್ನು ಫಿಲಡೆಲ್ಫಿಯದ ಸ್ನೇಹಿತ ಜಾರ್ಜ್ ಫಾಕ್ಸ್‌ನ ವಶದಲ್ಲಿ ಬಿಟ್ಟನು. ಅವನ ಸಂಪಾದನೆ ಅಚ್ಚಾಗಿ ಹೊರಬರಲು ೧೮೧೭-೧೮ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ, ೧೭೯೧ರಲ್ಲಿಯೇ, ಆತ್ಮಚರಿತ್ರೆಯ ಮೊದಲ ಭಾಗದ ಫ್ರೆಂಚ್ ಅನುವಾದ ಪ್ಯಾರಿಸ್ಸಿನಲ್ಲಿ ಪ್ರಕಟವಾಗಿದ್ದಿತು. ಲೇಖಕನ ಮನೆಭಾಷೆಯ ಮೂಲ ಪೆಟ್ಟಿಗೆಯಲ್ಲಿದ್ದಾಗ ಅನುವಾದವು ಲೋಕಸಂಚಾರಕ್ಕೆ ಹೊರಟಿತ್ತು.

ಇದಕ್ಕಿಂತ ವಿಚಿತ್ರವಾದುದು ಸ್ವಹಸ್ತಾಕ್ಷರಪ್ರತಿಯ ಕಥೆ. ಫ್ರಾಂಕ್ಲಿನ್ ತನ್ನ ಫ್ರೆಂಚ್ ಸ್ನೇಹಿತ ಲ ವೇಯಾರ್‌ನಿಗೆ ಆತ್ಮಚರಿತ್ರೆಯ ಶುದ್ಧಪ್ರತಿಯೊಂದನ್ನು ಕಳುಹಿಸಿದ್ದನು. ಲ ವೇಯಾರ್ ೧೭೯೪ರಲ್ಲಿ ಕ್ರಾಂತಿಯ ಗಿಲೊಟಿನ್‌ಗೆ ಬಲಿಯಾದನು. ಪ್ರತಿ ಅವನ ಕುಟುಂಬದಲ್ಲಿ ಉಳಿಯಿತು. ತಿದ್ದುಪಡಿಗಳಿಂದ ತುಂಬಿದ್ದ ತಾತನ ಕೈಬರಹಕ್ಕಿಂತ ಅಚ್ಚಿನ ಕೆಲಸಕ್ಕೆ ಈ ಶುದ್ಧಪ್ರತಿಯೇ ಅನುಕೂಲವೆಂದು ಟೆಂಪಲ್ ಎಣಿಸಿ, ಮೂಲವನ್ನೇ ಆ ಕುಟುಂಬಕ್ಕೆ ಕೊಟ್ಟು ಪ್ರತಿಯನ್ನು ತೆಗೆದುಕೊಂಡನು. ಮೂಲದ ಕೊನೆಯಲ್ಲಿ ಫ್ರಾಂಕ್ಲಿನ್ ಅಂತ್ಯಕಾಲದಲ್ಲಿ ಸೇರಿಸಿದ್ದ ಕೆಲವು ಪುಟಗಳು ಪ್ರತಿಯಲ್ಲಿರಲಿಲ್ಲ. ಹೀಗೆ ನ್ಯಾಯಸಮ್ಮತ ವಾರಸುದಾರನೇ ಪ್ರಕಟಿಸಿದ ಗ್ರಂಥವು ಅಪೂರ್ಣಪಾಠವಾಗಿ ಅರ್ಧಶತಮಾನ ಕಾಲ ಪ್ರಮಾಣವೆನಿಸಿತು. ಅಮೆರಿಕದ ರಾಯಭಾರಿಯಾಗಿ ಫ್ರಾನ್ಸಿನಲ್ಲಿದ್ದ ಜಾನ್ ಬಿಗೆಲೊ ೧೮೬೭ರಲ್ಲಿ ಮೂಲಪ್ರತಿಯನ್ನು ಪಡೆದು, ಮರುವರ್ಷ ಅದರ ಪಾಠವನ್ನು ಪ್ರಕಟಿಸಿದನು. ಆ ಪ್ರತಿ ಈಗ ಕ್ಯಾಲಿಫೋರ್ನಿಯದ ಹಂಟಿಂಗ್‌ಟನ್ ಗ್ರಂಥಾಲಯದಲ್ಲಿದೆ.

ಉಳಿದ ಕಾಗದಗಳೂ ದಾರಿಗೊಂದರಂತೆ ಹೋದವು. ಟೆಂಪಲ್ ೧೮೨೩ರಲ್ಲಿ ಪ್ಯಾರಿಸ್ಸಿನಲ್ಲಿ ಮೃತನಾದನು. ಅವನು ಲಂಡನ್ನಿನಲ್ಲಿ ಬಿಟ್ಟಿದ್ದ ಕಟ್ಟುಗಳು ಮುಂದೆ ಅಲ್ಲಿಯ ಒಬ್ಬ ದರ್ಜಿಯ ಅಂಗಡಿಯಲ್ಲಿ ದೊರೆತವು. ೧೮೫೧ರಲ್ಲಿ ಅವನ್ನು ಕೊಂಡ ಗ್ರಂಥವ್ಯಾಪಾರಿ ಹೆನ್ರಿ ಸ್ಟೀವನ್ಸ್‌ನಿಂದ ೧೮೮೨ರಲ್ಲಿ ಅಮೆರಿಕದ ಸರ್ಕಾರ ೩೫,೦೦೦ ಡಾಲರು ಕೊಟ್ಟು ಪಡೆಯಿತು. ಫಾಕ್ಸ್‌ನ ವಶದಲ್ಲಿದ್ದ ಬಹುದೊಡ್ಡ ಭಾಗವನ್ನು ಅವನ ಮಗನು ೧೮೪೦ರಲ್ಲಿ, ಫ್ರಾಂಕ್ಲಿನ್‌ನೇ ಸ್ಥಾಪಿಸಿದ್ದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಗೆ ಅರ್ಪಿಸಿದನು. ಅದೇ ಮನೆಯಲ್ಲಿ ಹಿಂದುಳಿದ ಇನ್ನೊಂದು ಅಂಶವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವನ್ನು ಸೇರಿತು. ಚದರಿಹೋದ ಈ ಪತ್ರರಾಶಿಯನ್ನು ಒಂದೆಡೆಗೆ ತಂದು ಸಂಪಾದಿಸುವ ಕಾರ್ಯವನ್ನು ಯೇಲ್ ವಿಶ್ವವಿದ್ಯಾಲಯವೂ ಆ ಸೊಸೈಟಿಯೂ ಕೂಡಿ ೧೯೫೪ರಲ್ಲಿ ಕೈಗೊಂಡವು. ೧೯೫೯ರಲ್ಲಿ ಪ್ರಥಮ ಸಂಪುಟ ಹೊರಬಂದು, ಈವರೆಗೆ ನಲವತ್ತಕ್ಕೂ ಮಿಕ್ಕಿದ ಸಂಪುಟಗಳು ಪ್ರಕಟವಾಗಿವೆ.

೭

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು, ಕುಶಲಕರ್ಮಿಯ ಮರಣಶಾಸನವನ್ನು ಅವನ ಖಾತೆಪುಸ್ತಕ, ಕರಾರುಪತ್ರ, ಹಿಂದಿನ ಶಾಸನಗಳೊಡನೆ ಹೋಲಿಸಿಯೇ ಓದಬೇಕು. ೧೭೫೭ರ ಶಾಸನವನ್ನು ಬಿಟ್ಟರೆ ಬಾಬ್‌ನ ಬಿಡುಗಡೆಯ ಅರ್ಥವಾಗಲಿ, ೧೭೩೦ರ ಕೈಗಡವನ್ನು ಬಿಟ್ಟರೆ ಎರಡು ನಗರಗಳ ದತ್ತಿಯ ಅರ್ಥವಾಗಲಿ ಪೂರ್ಣವಾಗಿ ತಿಳಿಯದು. ಎರಡನೆಯದು ಹಸ್ತಪ್ರತಿಗಳ ರಕ್ಷಣೆಗೆ ಸಂಬಂಧಿಸಿದುದು. ಮೊಳೆಗಳು ಕಸುಬು ಬಲ್ಲವನಿಗೆ ಸಂದವು, ಬಾಳಿದವು. ಹಣಕ್ಕೆ ಕಾವಲಿತ್ತು, ಉಳಿಯಿತು. ಪುಸ್ತಕಗಳಲ್ಲಿ ಕೆಲವನ್ನು ಸಂಸ್ಥೆಗಳ ಹೆಸರು ಹೇಳಿ ಕೊಟ್ಟನು. ಅವಕ್ಕೂ ನೆಲೆ ದೊರೆಯಿತು. ಪತ್ರಗಳನ್ನು ಮಾತ್ರ ಪ್ರೀತಿಯ ಮೇಲೆ ನಂಬಿಕೆಯಿಟ್ಟು ಒಬ್ಬ ವ್ಯಕ್ತಿಗೆ ಬಿಟ್ಟನು. ವಾರಸುದಾರನ ಪ್ರೀತಿಯಲ್ಲಿ ಕೊರತೆಯಿದ್ದಿತೆಂದು ಹೇಳಲು ಆಧಾರವಿಲ್ಲ. ಪ್ರತಿಗೂ ಮೂಲಕ್ಕೂ ಇರುವ ತಾರತಮ್ಯದ ಅರಿವು ಅವನಲ್ಲಿರಲಿಲ್ಲ. ಹಸ್ತಪ್ರತಿಯ ವಾರಸುದಾರಿಕೆಗೆ ರಕ್ತಸಂಬಂಧಕ್ಕಿಂತ ಅಗತ್ಯವಾದ ಅರ್ಹತೆ ಈ ಅರಿವೇ ಆಗಿದೆ.

ಯೌವನದಲ್ಲಿ ಫ್ರಾಂಕ್ಲಿನ್ ತನಗಾಗಿ ಒಂದು ವಿನೋದದ ಸಮಾಧಿಲೇಖವನ್ನು ರಚಿಸಿ, ಮುದ್ರಕನ ದೇಹವನ್ನು ಹಳೆಯ ಪುಸ್ತಕಕ್ಕೆ ಹೋಲಿಸಿದ್ದುಂಟು. ಅನುಬಂಧದಲ್ಲಿ ಅವನು ಕೇಳಿದುದು ಅದನ್ನಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಸಾದಾ ಅಮೃತಶಿಲೆ, ಅದರ ಮೇಲೆ ತನ್ನ ಮತ್ತು ೧೭೭೪ರಲ್ಲಿ ತೀರಿಕೊಂಡ ಹೆಂಡತಿ ಡೆಬೊರಳ ಹೆಸರು, ಮತ್ತು ವರ್ಷ. ಇಸವಿಯ ಕೊನೆಯ ಅಂಕಿಗೆ ಸ್ಥಳ ಬಿಟ್ಟು ೧೭೮– ಎಂದು ಅವನು ಬರೆದಿದ್ದನು. ಮರಣವು ೧೭೯೦ರಲ್ಲಿ ಬಂದುದರಿಂದ ಶಿಲ್ಪಿಯು ಒಂದಲ್ಲ, ಎರಡು ಅಂಕಿಗಳನ್ನು ಸರಿಪಡಿಸಿ ಕೆತ್ತಬೇಕಾಯಿತು. ಫಿಲಡೆಲ್ಫಿಯದ ಕ್ರೈಸ್ಟ್ ಚರ್ಚಿನ ಸ್ಮಶಾನದಲ್ಲಿ ಆ ಶಿಲೆಯನ್ನು ಕಾಣಬಹುದು.